ಪುಷ್ಪಕದ ಕೊನೆಯ ಚಿತ್ರ

"ಸೊಂಟ ತಿರುಗಿಸಿ ಮೋನಪ್ಪಣ್ಣ, ಸೊಂಟ! ಕುತ್ತಿಗೆ ಅಲ್ಲ!"

ಭೋಜರಾಜ ಬೆನ್ನ ಹಿಂದಿನಿಂದ ಕೂಗುವಷ್ಟರಲ್ಲಿ ತಾಂಬರಂ ಕಡೆಯ ಲೋಕಲ್ ರೈಲು ಸ್ಟುಡಿಯೋದ ತಾರಸಿಯ ಕೆಳಗೆ ದಡದಡನೆ ಹಾದು ಹೋಗಿಯೇ ಬಿಟ್ಟಿತು. ಮೋನಪ್ಪ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿ ರೈಲಿನ ಬಾಲಕ್ಕೆ ಒಂದು ಬೈಗುಳ ಕಳಿಸಿದ.

"ಐವತ್ತು ದಾಟಿದ ಸೊಂಟ ಮಾರಾಯ. ಅದು ತಿರುಗಬೇಕಾದರೆ ಮೊದಲು ಅರ್ಜಿ ಹಾಕಬೇಕು."

"ವಿಮಾನ ನಿಮ್ಮ ಅರ್ಜಿಗೆ ಕಾಯತ್ತಾ? ಕಾಲು ಅಗಲಿಸಿ ನಿಲ್ಲಿ. ಮೊಣಕೈ ಎರಡೂ ಪಕ್ಕೆಗೆ ಒತ್ತಿ. ದೂರದಲ್ಲಿ ಚುಕ್ಕೆ ಕಂಡಾಗಲೇ ಕಣ್ಣಿಗೆ ಹಾಕ್ಕೊಂಡು ಅದರ ಜತೆ ನೀವೂ ಹೋಗ್ಬೇಕು. ಬಟನ್ ಒತ್ತಿದ ಮೇಲೂ ಹೋಗ್ತಾನೇ ಇರ್ಬೇಕು. ಒತ್ತಿದ ತಕ್ಷಣ ನಿಂತುಬಿಡೋದು, ಅದು ದಾ ಎಲ್ಲಾರೂ ಮಾಡೋ ತಪ್ಪು."

ಭೋಜರಾಜ ಮದ್ರಾಸಿನಲ್ಲೇ ಹುಟ್ಟಿದವನು, 'ತಾನೇ' ಎನ್ನುವಲ್ಲಿ ತಮಿಳಿನ 'ದಾ' ಎನ್ನುವವನು. ಅವನ ತಂದೆ ಮೈಸೂರು ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದು ವೆಸ್ಟ್ ಮಾಂಬಲಂನಲ್ಲಿ ಬೇರು ಬಿಟ್ಟಿದ್ದರು. ಮಗ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದ, ವಿಮಾನದ ಫೋಟೋ ತೆಗೆದು ಬದುಕುತ್ತಿದ್ದ. ಎಲ್ಲಿ ವಿಮಾನ ಪ್ರದರ್ಶನ ನಡೆದರೂ ಉದ್ದನೆಯ ಲೆನ್ಸು ಹೊತ್ತು ಮುಂದಿನ ಸಾಲಿನಲ್ಲಿ ಅವನು ಇರಲೇಬೇಕು. ಫ್ಲೈಯಿಂಗ್ ಕ್ಲಬ್ಬಿನ ನಾಯಿಗೂ ಅವನ ಪರಿಚಯವಿತ್ತು.

ಮೋನಪ್ಪ ಕ್ಯಾಮೆರಾ ಹಿಡಿದದ್ದು ಆಸೆಯಿಂದಲ್ಲ. ರೈಲ್ವೆ ಪೊಲೀಸ್ ಕೆಲಸ ಬಿಟ್ಟು ಪತ್ತೇದಾರನಾದ ಈ ಮನುಷ್ಯನ ಆಸೆಗಳೆಲ್ಲ ಕಳೆದ ಸಂಕ್ರಾಂತಿಯ ಬೆನ್ನಿಗೆ, ಊರೆಲ್ಲ ಕಡಲತೀರಕ್ಕೆ ಬರುವ ಕಾಣುಂ ಪೊಂಗಲ್ ಹಬ್ಬದ ದಿನ ಕಡಲಿಗೆ ಬಿದ್ದಿದ್ದವು. ಆ ದಿನ ಕಡಲತೀರದ ಪ್ರದರ್ಶನದಲ್ಲಿ, ಮರಳು ಕಾಣದಷ್ಟು ಜನರ ಎದುರು, ಪುಷ್ಪಕ ಎಂಬ ಪುಟ್ಟ ವಿಮಾನ ನೀರಿಗೆ ಬಿತ್ತು. ಹಾರಿಸುತ್ತಿದ್ದವನು ಚಂದು, ಮೋನಪ್ಪನ ತಂಗಿ ಜಲಜಾಕ್ಷಿಯ ಹಿರಿಯ ಮಗ.

ಕಾಸಿಮೇಡಿನ ದೋಣಿಯವರು ಮರುದಿನ ಬೆಳಿಗ್ಗೆ ದೇಹ ತಂದು ದಡಕ್ಕೆ ಹಾಕಿದಾಗ ಪಕ್ಕದಲ್ಲೇ ಮೀನಿನ ಹರಾಜು ನಡೆಯುತ್ತಿತ್ತು. ಬೆಲೆ ಕೂಗುವವರ ಗದ್ದಲದ ನಡುವೆ ಮೋನಪ್ಪ ಗೋಣಿ ಸರಿಸಿ ಮುಖ ನೋಡಿ, ಹೌದು, ನಮ್ಮವನೇ ಎಂದಿದ್ದ. ಕರಾವಳಿಯ ಅಳಿಯಕಟ್ಟಿನವನಾದ ಮೋನಪ್ಪನ ಕಡೆ ತಂಗಿಯ ಮಗನೆಂದರೆ ಸ್ವಂತ ಮಗನಿಗಿಂತ ಹೆಚ್ಚು. ಮಾವ ಸತ್ತರೆ ಅಳಿಯ ಮುಂದೆ ನಿಂತು ಎಲ್ಲ ಮಾಡಬೇಕು. ಇಲ್ಲಿ ಮಾವನೇ ಮುಂದೆ ನಿಂತು ಅಳಿಯನನ್ನು ಸುಟ್ಟು ಬಂದ. ದೇವರು ಎನ್ನುವವನು ಎದುರಿಗೆ ಸಿಕ್ಕಿದ್ದರೆ ಆ ದಿನ ಮೋನಪ್ಪ ಅವನ ಕೆನ್ನೆಗೆ ಬಾರಿಸುತ್ತಿದ್ದ.

ವಿಚಾರಣೆಯವರು ಬರೆದು ಕೈ ತೊಳೆದರು: ಚಪ್ಪಾಳೆಯ ಆಸೆಗೆ ಮಿತಿ ಮೀರಿ ಕೆಳಗೆ ಹಾರಿಸಿದ. ವೆಸ್ಟ್ ಮಾಂಬಲಂನ ಬೀದಿ ಅದನ್ನೇ ಚುಟುಕಾಗಿ ಹೇಳಿತು: ಶೋಕಿ ಮಾಡಿ ಸತ್ತ.

ಜಲಜಾಕ್ಷಿ ಅದೇ ಬೀದಿಯಲ್ಲಿ ಊಟದ ಮೆಸ್ ನಡೆಸುವವಳು. ಮೊದಲೆಲ್ಲ "ಪೈಲಟ್ ಅಮ್ಮ" ಎಂದು ಕರೆಯುತ್ತಿದ್ದ ಗಿರಾಕಿಗಳು ಈಗ ತಲೆ ಎತ್ತದೆ ಉಂಡು ಹೋಗುತ್ತಿದ್ದರು. ಅವಳು ಅಣ್ಣನಲ್ಲಿ ಕೇಳಿದ್ದು ಒಂದೇ. "ನನ್ನ ಮಗ ಶೋಕಿ ಮಾಡಿ ಸತ್ತದ್ದಾ, ಅಲ್ಲವಾ? ಅಷ್ಟು ಹೇಳು ಅಣ್ಣ. ಬೇರೆ ಎಂತದೂ ಬೇಡ." ಅದು ಗೊತ್ತಾಗುವವರೆಗೆ ಚಂದುವಿನ ಫೋಟೋಕ್ಕೆ ಅವಳು ಹಾರ ಹಾಕಲು ಒಪ್ಪಿರಲಿಲ್ಲ.

ಕಳೆದ ವಾರ ಒಂದು ಫೋಟೋ ಮೋನಪ್ಪನ ಕೈ ಸೇರಿತ್ತು. ಕೊಟ್ಟವಳು ವಾಸಂತಿ, ಚಂದುವನ್ನು ಮದುವೆಯಾಗಬೇಕಿದ್ದ ಹುಡುಗಿ, ಇದೇ ಸ್ಟುಡಿಯೋದಲ್ಲಿ ಫೋಟೋಗಳಿಗೆ ಬಣ್ಣ ಹಚ್ಚುವವಳು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಅವನು ಭೋಜರಾಜನ ಮೆಟ್ಟಿಲು ಹತ್ತಿದ್ದ. "ಚಂದು ಹಾರುವುದನ್ನು ನೀನು ಕ್ಯಾಮೆರಾದಲ್ಲಿ ಹೇಗೆ ನೋಡುತ್ತಿದ್ದಿಯೋ ಹಾಗೆ ನೋಡಲಿಕ್ಕೆ ನನಗೂ ಕಲಿಸು ಮಾರಾಯ" ಎಂದಿದ್ದ. ಅರ್ಧ ಸುಳ್ಳು, ಅರ್ಧ ನಿಜ. ಭೋಜರಾಜನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಬನ್ನಿ, ನಿನ್ನೆ ತೆಗೆದದ್ದು ಒಣಗಿದೆ, ನೋಡೋಣ," ಎಂದ ಭೋಜರಾಜ.

ತಾರಸಿಯ ತಂತಿಗೆ ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಮೋನಪ್ಪನ ಚಿತ್ರಗಳು ನೇತಾಡುತ್ತಿದ್ದವು. ಮೊದಲಿನವು ಕಾಗೆಗಳು. ಕಾಗೆ ಹಿಡಿಯಲು ಬಾರದವನಿಗೆ ವಿಮಾನ ಎಲ್ಲಿಂದ ಬರಬೇಕು ಎನ್ನುವುದು ಭೋಜರಾಜನ ಪಾಠ. ಹೆಚ್ಚಿನವುಗಳಲ್ಲಿ ಕಾಗೆ ಇರಲಿಲ್ಲ, ಬರೀ ಆಕಾಶ. ಒಂದರಲ್ಲಿ ಬಾಲ ಇತ್ತು.

"ಕಾಗೆ ಎಲ್ಲಾ ಹಾರಿಹೋಗಿದೆ. ಪರವಾಗಿಲ್ಲ, ಆಕಾಶ ಚೆನ್ನಾಗಿ ಬಂದಿದೆ," ಎಂದು ಅವನು ನಕ್ಕ.

"ನಗು, ನಗು. ಒಂದು ದಿನ ಅದೇ ಕಾಗೆ ನಿನ್ನ ತಲೆ ಮೇಲೆ ಕೂರ್ತದೆ."

"ಇದು ನೋಡಿ, ಇದು ಪಿಕ್ಚರ್." ಭೋಜರಾಜ ರೈಲಿನ ಎರಡು ಚಿತ್ರ ಬಿಡಿಸಿ ಕೈಗಿಟ್ಟ. "ಒಂದೇ ರೈಲು. ಇದು ಶಟರನ್ನ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟು ತೆಗೆದದ್ದು. ರೈಲೂ ಕಲ್ಲು, ಹಿಂದಿರೋ ಮನೆಗಳೂ ಕಲ್ಲು. ಜೀವ ಇಲ್ಲ. ಇನ್ನೊಂದು ನೂರಿಪ್ಪತ್ತೈದಕ್ಕೆ ಇಟ್ಟು, ಸೊಂಟ ತಿರುಗಿಸಿ ತೆಗೆದದ್ದು. ರೈಲು ಗಟ್ಟಿಯಾಗಿದೆ, ಮನೆಗಳು ಓಡ್ತಿವೆ. ಪ್ರೊಪೆಲ್ಲರ್ ವಿಮಾನಕ್ಕೆ ಇದೇ ಬೇಕು. ಪ್ರೊಪೆಲ್ಲರ್ ತಿರುಗೋದು ಕಾಣ್ಬೇಕು ಅಣ್ಣಾ. ನಿಂತ ಹಾಗೆ ತೆಗೆದ್ರೆ ಅದು ವಿಮಾನ ಅಲ್ಲ, ದಾರ ಕಟ್ಟಿ ತೂಗುಹಾಕಿದ ಗೊಂಬೆ."

"ಹೌದಾ," ಎಂದ ಮೋನಪ್ಪ.

ಕೆಳಗೆ ಸ್ಟುಡಿಯೋದ ಗೋಡೆಯ ತುಂಬ ವಿಮಾನಗಳೇ. ಅವನು ಅವನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ್ದ. ಪ್ರೊಪೆಲ್ಲರ್ ಇದ್ದ ಪ್ರತಿಯೊಂದರ ಮೂಗಿನ ಮುಂದೆ ಮಂಜಿನಂಥ ಒಂದು ಬಿಲ್ಲೆ. ಒಂದರಲ್ಲೂ ತಪ್ಪಿರಲಿಲ್ಲ.

ಅವನು ಜೇಬಿನಿಂದ ವಾಸಂತಿ ಕೊಟ್ಟ ಫೋಟೋ ತೆಗೆದ.

"ಇದನ್ನು ಸ್ವಲ್ಪ ನೋಡು."

ಭೋಜರಾಜ ನೋಡಿದ. ಮುಖದ ಮೇಲಿದ್ದ ನಗು ಹೋಗಲು ದಾರಿ ಸಿಗದೆ ತುಟಿಯಲ್ಲೇ ಉಳಿಯಿತು.

"ಇದು ಎಲ್ಲಿ ಸಿಕ್ತು?"

"ನಿನ್ನ ಕಸದ ಬುಟ್ಟಿಯಲ್ಲಿ. ವಾಸಂತಿ ಹೆಕ್ಕಿ ಇಟ್ಟುಕೊಂಡಿದ್ದಳು. ಪಾಪ, ಅವಳಿಗೆ ಇದರಲ್ಲಿ ಕಂಡದ್ದು ಕಿಟಕಿಯಲ್ಲಿ ಕಾಣುವ ಚಂದುವಿನ ತಲೆ ಮಾತ್ರ. ದಿನಾ ಅದನ್ನು ನೋಡಿ ಮಲಗುತ್ತಾಳಂತೆ."

ಚಿತ್ರದಲ್ಲಿ ಪುಷ್ಪಕ ನೀರಿನಂಚಿನ ಮೇಲೆ ಬಹಳ ಕೆಳಗೆ ಹಾರುತ್ತಿತ್ತು. ಕ್ಲಬ್ಬಿನ ಎತ್ತರದ ಅಟ್ಟಣಿಗೆಯ ಮೇಲಿನಿಂದ ತೆಗೆದದ್ದು. ಮೂಗಿನ ಮುಂದೆ ಬಿಲ್ಲೆ ಇರಲಿಲ್ಲ. ಪ್ರೊಪೆಲ್ಲರ್ ಓರೆಯಾಗಿ, ಗೋಡೆಗೆ ಒರಗಿಸಿಟ್ಟ ಒನಕೆಯ ಹಾಗೆ, ಸ್ಪಷ್ಟವಾಗಿ ನಿಂತಿತ್ತು.

"ಕೆಟ್ಟ ಪಿಕ್ಚರ್ ಅಣ್ಣಾ. ಅದಕ್ಕೆ ದಾ ಬಿಸಾಕಿದ್ದೆ." ಭೋಜರಾಜ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ಅದಕ್ಕೆ ಮುಂಚೆ ಜೆಟ್‌ಗಳು ಬಂದ್ವಲ್ಲ. ಜೆಟ್‌ಗೆ ಪ್ರೊಪೆಲ್ಲರ್ ಇಲ್ಲ, ಓಟ ಜಾಸ್ತಿ, ಸಾವಿರಕ್ಕೆ ಇಟ್ಟಿದ್ದೆ. ಆಮೇಲೆ ಪುಷ್ಪಕ ಬಂತು. ಸ್ಪೀಡ್ ಡಯಲ್ ವಾಪಸ್ ತಿರುಗಿಸೋಕೆ ಮರ್ತೆ. ಪ್ರೊಪೆಲ್ಲರ್ ಕಡ್ಡಿ ಥರಾ ನಿಂತೋಯ್ತು. ಹೊಸಬರು ಮಾಡೋ ತಪ್ಪು. ನನಗೇ ನಾಚ್ಕೆ ಆಯ್ತು."

ಉತ್ತರ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಒಂದು ವಾರದ ಹಿಂದೆ ಕೇಳಿದ್ದರೆ ಮೋನಪ್ಪ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದ.

"ಹಾಗಾದರೆ ನನಗೊಂದು ಸಂಶಯ. ಕಲಿಯುವವನು ಕೇಳಬೇಕಲ್ಲ?"

"ಕೇಳಿ."

ಮೋನಪ್ಪ ತನ್ನ ರೈಲಿನ ಚಿತ್ರ ಎರಡನ್ನೂ ತಾರಸಿಯ ಗೋಡೆಯ ಮೇಲಿಟ್ಟು, ನಡುವೆ ಪುಷ್ಪಕವನ್ನು ಇಟ್ಟ.

"ಈ ವಿಮಾನದ ಹಿಂದೆ ಬೆಸ್ತರ ಕಟ್ಟುಮರದ ತೆಪ್ಪಗಳಿವೆ. ಅದರ ಮೇಲೆ ಹತ್ತಿ ನಿಂತ ಜನ ಇದ್ದಾರೆ. ಸಾವಿರಕ್ಕೆ ಇಟ್ಟು ತೆಗೆದಿದ್ದರೆ ಅವರೆಲ್ಲ ಕಲ್ಲಿನ ಹಾಗೆ ನಿಲ್ಲಬೇಕಿತ್ತು. ಈಗ ನೀನೇ ಹೇಳಿದ್ದು. ಇಲ್ಲಿ ನೋಡು, ಒದ್ದೆ ಬ್ರಷ್ಷಿನಲ್ಲಿ ಎಳೆದ ಹಾಗೆ ಎಲ್ಲ ಓಡ್ತಾ ಉಂಟು."

ಭೋಜರಾಜ ಕನ್ನಡಕ ಮತ್ತೆ ಹಾಕಿಕೊಂಡು ಚಿತ್ರದ ಮೇಲೆ ಬಾಗಿದ.

"ನೀನು ಮರೆಯಲಿಲ್ಲ ಭೋಜ. ನೂರಿಪ್ಪತ್ತೈದಕ್ಕೇ ಇಟ್ಟಿದ್ದಿ. ಸೊಂಟವೂ ಸರಿಯಾಗಿಯೇ ತಿರುಗಿಸಿದ್ದಿ. ಎಲ್ಲ ಸರಿಯಾಗಿ ಮಾಡಿದ ಮೇಲೂ ಪ್ರೊಪೆಲ್ಲರ್ ನಿಂತು ಕಂಡಿದೆ. ಯಾಕೆ, ಹೇಳು?"

ಕೆಳಗೆ ಇನ್ನೊಂದು ರೈಲು ಬಂತು, ಹೋಯಿತು. ತಾರಸಿ ನಡುಗಿ ಸುಮ್ಮನಾಯಿತು.

"ಬಾಯಿ ಬಿಡು!"

"ಅದು ನಿಂತೇ ಇತ್ತು," ಎಂದ ಭೋಜರಾಜ. "ಎಂಜಿನ್ ಆಫ್ ಆಗಿತ್ತು ಅಣ್ಣಾ."

ಮೋನಪ್ಪನ ಕೈ ತಾನಾಗಿ ಹೋಗಿ ಅವನ ಕಾಲರು ಹಿಡಿಯಿತು.

ಅಂದರೆ ಚಂದು ಚಪ್ಪಾಳೆಗಾಗಿ ಕೆಳಗೆ ಬಂದದ್ದಲ್ಲ. ಎಂಜಿನ್ ಸತ್ತ ವಿಮಾನಕ್ಕೆ ಕೆಳಗೆ ಬರುವುದೊಂದೇ ದಾರಿ. ಬ್ಯಾಂಡು, ಧ್ವನಿವರ್ಧಕದ ಹಾಡು, ಹಿಂದಿನಿಂದ ಬರುತ್ತಿದ್ದ ಬೇರೆ ವಿಮಾನಗಳ ಸದ್ದು. ಆ ಗದ್ದಲದಲ್ಲಿ ಒಂದು ಎಂಜಿನ್ ಸುಮ್ಮನಾದದ್ದು ಯಾರ ಕಿವಿಗೂ ಬೀಳಲಿಲ್ಲ. ಎದುರಿಗೆ ಉದ್ದಕ್ಕೂ ಮರಳು ಇತ್ತು. ಇಳಿಸಬಹುದಿತ್ತು. ಆದರೆ ಮರಳಿನ ಮೇಲೆ ಜನ ಇದ್ದರು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೈ ಬೀಸುತ್ತಿದ್ದರು.

ಹುಡುಗ ಕಡಲಿಗೆ ತಿರುಗಿಸಿದ.

"ಗೊತ್ತಿದ್ದೂ ಬಾಯಿ ಮುಚ್ಚಿ ಕೂತೆಯಲ್ಲ, ಬೇವರ್ಸಿ! ನನ್ನ ತಂಗಿ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ದಿನಾ ನೋಡ್ತಿದ್ದಿ. ಅವಳ ಮೆಸ್ಸಿನಲ್ಲಿ ಉಣ್ಣುತ್ತಿದ್ದಿ. ಅನ್ನ ಹೇಗೆ ಇಳಿಯಿತು ನಿನಗೆ?"

"ಇಳೀಲಿಲ್ಲ. ನಿಮಗೆ ಗೊತ್ತಿಲ್ಲ."

"ಎಂತ ಗೊತ್ತಿಲ್ಲ? ಈಗಲೇ ಈ ಫೋಟೋ ಅವಳ ಕೈಗೆ ಕೊಡ್ತೇನೆ. ಆಮೇಲೆ ವಿಚಾರಣೆಯವರ ಮೇಜಿನ ಮೇಲೆ ಬಿಸಾಡ್ತೇನೆ."

"ಕೊಡಿ." ಭೋಜರಾಜ ಕಾಲರು ಬಿಡಿಸಿಕೊಳ್ಳಲೂ ಹೋಗಲಿಲ್ಲ. "ಕೊಟ್ಟ ಮೇಲೆ ಅವರು ಕೇಳೋ ಮೊದಲನೇ ಪ್ರಶ್ನೆ ಏನು? ಎಂಜಿನ್ ಯಾಕೆ ನಿಂತಿತು ಅಂತ. ಹೊಗೆ ಬಂದಿಲ್ಲ, ಬೆಂಕಿ ಇಲ್ಲ. ಪೆಟ್ರೋಲ್ ಮುಗಿದ್ರೆ ದಾ ಹಾಗೆ ಸದ್ದಿಲ್ಲದೆ ನಿಲ್ಲೋದು. ಟ್ಯಾಂಕ್ ತುಂಬಿಸೋ ಕೆಲಸ ಅವತ್ತು ಯಾರದು ಮೋನಪ್ಪಣ್ಣ?"

ಮೋನಪ್ಪನ ಹಿಡಿತ ಸಡಿಲವಾಯಿತು.

ಅವನಿಗೆ ಗೊತ್ತಿತ್ತು. ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದವನು ಸುರೇಶ್. ಜಲಜಾಕ್ಷಿಯ ಕಿರಿಯ ಮಗ. ಚಂದುವೇ ಹಿಡಿದು ಸೇರಿಸಿದ್ದ ಕೆಲಸ. ಪುಷ್ಪಕಕ್ಕೆ ಪೆಟ್ರೋಲ್ ತುಂಬಿಸುವುದು, ಗಾಜು ಒರೆಸುವುದು, ಚಕ್ರಕ್ಕೆ ಅಡ್ಡ ಇಟ್ಟ ಮರದ ತುಂಡು ತೆಗೆಯುವುದು, ಎಲ್ಲ ಅವನೇ. ಬೇರೆಯವರು ತುಂಬಿಸಿದರೆ ಚಂದು ತಾನೇ ರೆಕ್ಕೆ ಹತ್ತಿ ಮುಚ್ಚಳ ತೆಗೆದು ನೋಡುತ್ತಿದ್ದ. ತಮ್ಮ ತುಂಬಿಸಿದರೆ ನೋಡುತ್ತಿರಲಿಲ್ಲ.

"ಟ್ಯಾಂಕ್ ಒಡೆದು ಕಡಲ ನೀರು ತುಂಬಿತ್ತು, ಅದಕ್ಕೆ ವಿಚಾರಣೆಯಲ್ಲಿ ಗೊತ್ತಾಗ್ಲಿಲ್ಲ. ಈ ಫೋಟೋ ಬಂದ್ರೆ ಗೊತ್ತಾಗತ್ತೆ. ಸುರೇಶನ ಕೈಗೆ ಬೇಡಿ ಹಾಕ್ತಾರೆ. ಅದು ಬಿಡಿ. ಆ ತಾಯಿಗೆ ನೀವು ಏನಂತ ಹೇಳ್ತೀರಿ? ದೊಡ್ಡವನ್ನ ಚಿಕ್ಕವನು ಕೊಂದ ಅಂತಲಾ?"

ಭೋಜರಾಜ ಅಳುತ್ತಿದ್ದ. ಕಣ್ಣೀರು ನಿಜವಾದದ್ದೇ. ಇಪ್ಪತ್ತು ವರ್ಷ ಕಳ್ಳರ ಕಣ್ಣೀರು ನೋಡಿದ ಮೋನಪ್ಪನಿಗೆ ನಿಜವಾದದ್ದು ಯಾವುದು, ಹಚ್ಚಿಕೊಂಡದ್ದು ಯಾವುದು ಎಂದು ತಿಳಿಯುತ್ತಿತ್ತು. ಕಣ್ಣೀರು ನಿಜವಾದರೆ ಮಾತೂ ನಿಜ ಎಂದು ಅವನು ಅಂದುಕೊಂಡ. ಎಂಥ ಪತ್ತೇದಾರನೂ ತನ್ನ ಮನೆಯ ಹೆಣದ ಮುಂದೆ ದಡ್ಡನೇ.

"ನೆಗೆಟಿವ್ ಎಲ್ಲಿ?"

"ಇಟ್ಕೊಂಡಿದೀನಿ. ಸುಡೋಕೆ ಕೈ ಬರ್ಲಿಲ್ಲ. ಅವನ ಕೊನೇ ಪಿಕ್ಚರ್ ಅಲ್ವಾ."

ಕೆಳಗಿನ ಕತ್ತಲೆ ಕೋಣೆಯಿಂದ ಅವನು ಒಂದು ಬಿಸ್ಕತ್ತಿನ ಡಬ್ಬಿ ತಂದ. ಒಳಗಿದ್ದದ್ದು ಒಂದೇ ಒಂದು ಫಿಲಂ ತುಂಡು. ಮೋನಪ್ಪ ಬಿಸಿಲಿಗೆ ಹಿಡಿದು ನೋಡಿದ. ಕಪ್ಪು ಬಿಳಿ ತಿರುಗುಮುರುಗಾಗಿ, ಬಿಳಿಯ ಕಡಲಿನ ಮೇಲೆ ಕಪ್ಪು ಪುಷ್ಪಕ. ಕಿಟಕಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದೊಂದು ತಲೆ. ಆ ಗಳಿಗೆಯಲ್ಲಿ ಅವನು ಜೀವಂತ ಇದ್ದ. ಎಲ್ಲಿ ಇಳಿಸಲಿ ಎಂದು ನೋಡುತ್ತಿದ್ದ.

"ನಿಮ್ಮ ಇಷ್ಟ," ಎಂದ ಭೋಜರಾಜ. "ಸತ್ತವನ ಹೆಸರು ಬೇಕೋ, ಇದ್ದವನ ಜೀವ ಬೇಕೋ."

ಮೋನಪ್ಪ ಫಿಲಂ ತುಂಡನ್ನು ಗೋಡೆಯ ಮೇಲಿಟ್ಟ. ಆಮೇಲೆ ಬೀಡಿ ಹಚ್ಚಲು ಇಟ್ಟುಕೊಂಡಿದ್ದ ಕಡ್ಡಿ ಗೀರಿ ಅದಕ್ಕೆ ಹಿಡಿದ. ಫಿಲಂ ಸುಕ್ಕುಗಟ್ಟಿ, ಗುಳ್ಳೆ ಎದ್ದು, ಕರಗಿ, ಕೆಟ್ಟ ವಾಸನೆ ಬಿಟ್ಟಿತು. ವಾಸಂತಿ ಕೊಟ್ಟ ಫೋಟೋವನ್ನೂ ಅದರ ಮೇಲೆ ಹಾಕಿದ. ಅದು ಅಂಚಿನಿಂದ ಉರಿಯುತ್ತಾ ಬಂದು, ತಲೆ ಇದ್ದ ಕಿಟಕಿಯ ಹತ್ತಿರ ಒಂದು ಕ್ಷಣ ತಡೆದ ಹಾಗೆ ಕಂಡಿತು. ಗಾಳಿ ಇರಬೇಕು.

ಚಂದುವಿಗೆ ಕೊಳ್ಳಿ ಇಟ್ಟ ಕೈ ಇನ್ನೊಮ್ಮೆ ಇಟ್ಟಿತು.

* * *

ಮೆಸ್ಸಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ಜಲಜಾಕ್ಷಿ ಬೆಂಚುಗಳನ್ನು ಒರೆಸುತ್ತಿದ್ದಳು. ಅಣ್ಣನನ್ನು ಕಂಡು ಕೇಳದೆಯೇ ಎಲೆ ಹಾಕಿದಳು.

"ಉಣ್ಣು ಮೊದಲು. ಮುಖ ನೋಡು, ಉಪ್ಪಿನಕಾಯಿ ಹಾಕಿದ ಮಾವಿನ ಹಾಗೆ ಆಗಿದೆ."

ಅವನು ಕೂತ. ಅನ್ನದ ಮೇಲೆ ಸಾರು ಬಿತ್ತು. ಕಲಸಿದ. ಬಾಯಿಗೆ ಹೋಗಲಿಲ್ಲ.

"ಸಿಕ್ಕಿತಾ ಅಣ್ಣ?"

"ಎಂತದೂ ಇಲ್ಲ."

"ವಾಸಂತಿ ಕೊಟ್ಟ ಫೋಟೋದಲ್ಲಿ ಏನೋ ಉಂಟು ಅಂತ ಹೇಳಿದ್ದಿ."

"ಇಲ್ಲ. ಅದು ಫೋಟೋ ತೆಗೆಯುವಾಗ ಆದ ತಪ್ಪು. ಜೆಟ್ಟಿಗೆ ಇಟ್ಟದ್ದನ್ನು ತಿರುಗಿಸಲಿಕ್ಕೆ ಭೋಜ ಮರೆತಿದ್ದ."

ಅವಳಿಗೆ ಜೆಟ್ಟೂ ತಿಳಿಯದು, ತಿರುಗಿಸುವುದೂ ತಿಳಿಯದು. ಅಣ್ಣ ಹೇಳಿದ ಮೇಲೆ ಮುಗಿಯಿತು. ಸಾರಿನ ಸೌಟು ಹಿಡಿದುಕೊಂಡೇ ಬೆಂಚಿನ ತುದಿಯಲ್ಲಿ ಕೂತಳು.

"ಹಾಗಾದರೆ ಅವರು ಹೇಳಿದ್ದೇ ಸರಿ."

ಮೋನಪ್ಪ ಕಲಸಿದ ಅನ್ನವನ್ನೇ ಮತ್ತೆ ಕಲಸಿದ.

"ಸಣ್ಣದಿರುವಾಗ ಪೇರಳೆ ಮರ ಹತ್ತಿದರೆ ಇಳಿಯಲಿಕ್ಕೆ ಹೆದರುತ್ತಿದ್ದ. ನೀನೇ ಹೋಗಿ ಇಳಿಸುತ್ತಿದ್ದಿ. ಅಂಥವನು ಈ ಶೋಕಿ ಎಲ್ಲಿ ಕಲಿತನೋ." ಅವಳು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. "ಇರಲಿ. ಇನ್ನು ಕೇಳುವುದಿಲ್ಲ ಅಣ್ಣ. ನೀನೂ ಅಲೆಯುವುದು ಬೇಡ. ಉಣ್ಣು."

ಅವಳು ಸೌಟು ಹಿಡಿದು ಅಡಿಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಶುರುವಾಯಿತು. ಮೋನಪ್ಪ ಎಲೆ ಮಡಚಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ನಡೆದ.

ಹಿತ್ತಲಿನ ನಲ್ಲಿಯ ಹತ್ತಿರ ಸುರೇಶ್ ಬಾಳೆಲೆಯ ಕಟ್ಟು ತೊಳೆಯುತ್ತಿದ್ದ. ಅಣ್ಣ ಸತ್ತ ಮೇಲೆ ಕ್ಲಬ್ಬಿಗೆ ಹೋಗಿರಲಿಲ್ಲ. ಮದ್ರಾಸಿನ ಶಾಲೆಯಲ್ಲಿ ಓದಿದವನು. ಮನೆಯವರ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಚಾಳಿ. ಮಾವ ಎನ್ನದೆ ಮಾಮಾ ಎನ್ನುತ್ತಿದ್ದ. ಮೊದಲು ಅದಕ್ಕೆ ಮೋನಪ್ಪ ಬೈಯುತ್ತಿದ್ದ. ಇತ್ತೀಚೆಗೆ ಹುಡುಗ ಮಾತಾಡಿದರೆ ಸಾಕಾಗಿತ್ತು.

"ಮಾಮಾ, ಭೋಜಣ್ಣನ ಸ್ಟುಡಿಯೋಗೆ ಹೋಗಿದ್ರಾ? ಏನಂದ್ರು?"

ಮೋನಪ್ಪ ಅವನ ಹೆಗಲ ಮೇಲೆ ಕೈ ಇಟ್ಟ. ಎಲುಬು ಕೈಗೆ ಸಿಕ್ಕಿತು.

"ಹೆದರಬೇಡ ಮಗಾ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ನಾನು ನೋಡಿಕೊಂಡಿದ್ದೇನೆ."

"ನನ್ನ ಹೆಸರಾ?" ಸುರೇಶ್ ನಲ್ಲಿ ನಿಲ್ಲಿಸಿದ. "ಯಾಕೆ?"

"ಪೆಟ್ರೋಲ್ ವಿಷಯ. ನನಗೆ ಎಲ್ಲ ಗೊತ್ತಾಯಿತು. ಕೈತಪ್ಪು ಯಾರಿಗೂ ಆಗ್ತದೆ. ನಿನ್ನ ಅಣ್ಣ ಇದ್ದಿದ್ದರೆ ಅವನೂ ಇದನ್ನೇ ಹೇಳ್ತಿದ್ದ."

"ಏನು ಪೆಟ್ರೋಲ್?"

"ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲ ಮಗಾ. ಮೇಲೆ ಎಂಜಿನ್ ನಿಂತಿತು. ಅವನು ಶೋಕಿ ಮಾಡಲಿಲ್ಲ. ಮರಳಿನ ಮೇಲೆ ಜನ ಇದ್ದರು, ಅವರ ಮೇಲೆ ಬೀಳಬಾರದು ಅಂತ ಕಡಲಿಗೆ ಹೋದ. ಅದು ನಿನಗೂ ನನಗೂ ಮಾತ್ರ ಗೊತ್ತಿರಲಿ."

ಸುರೇಶನ ಕೈಯಿಂದ ಎಲೆಯ ಕಟ್ಟು ಜಾರಿ ಕೆಸರಿಗೆ ಬಿತ್ತು. ಅವನ ಬಾಯಿಂದ ಮೊದಲು ಬಂದದ್ದು ತಮಿಳು. "ನಾನ್ ಅಂಗ ಇಲ್ಲ ಮಾಮಾ. ಅನ್ನಿಕ್ಕಿ ನಾನ್ ಅಂಗ ಇಲ್ಲ."

"ಎಂತ? ಸರಿಯಾಗಿ ಹೇಳು."

"ಅವತ್ತು ಪೆಟ್ರೋಲ್ ಹಾಕೋವಾಗ ನಾನು ಅಲ್ಲಿ ಇರಲೇ ಇಲ್ಲ." ಕನ್ನಡ ಒಡೆದು ಒಡೆದು ಬಂತು. "ಕ್ಲಬ್ಬಲ್ಲಿ ಟ್ಯಾಂಕರ್ ಹತ್ರ ಹೋಗ್ತಿದ್ದೆ. ಭೋಜಣ್ಣ ಕೂಗಿದ್ರು. ಫಿಲಂ ರೋಲ್ ಸಾಲದು, ಮೌಂಟ್ ರೋಡಿಂದ ತಗೊಂಡು ಸೀದಾ ಬೀಚಿಗೆ ಬಾ, ಸೈಕಲ್ ತಗೋ, ಬೇಗ ಅಂದ್ರು. ಪೆಟ್ರೋಲ್ ಹಾಕ್ಬೇಕು ಅಂದೆ. ನಾನು ಹಾಕ್ತೀನಿ, ಎಷ್ಟು ಸಲ ನೋಡಿದೀನಿ, ಹೋಗು ಅಂದ್ರು. ನಾನು ಬೀಚಿಗೆ ಬರೋ ಅಷ್ಟರಲ್ಲಿ ಅಣ್ಣ ಮೇಲೆ ಹೋಗಿದ್ದ. ಭೋಜಣ್ಣ ಫುಲ್ ಮಾಡಿದೀನಿ ಅಂದ್ರು. ಫುಲ್ ಅಂದ್ರು ಮಾಮಾ!"

ಮೋನಪ್ಪನ ಕಿವಿಯಲ್ಲಿ ರೈಲು ಓಡಿದ ಹಾಗಾಯಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಡ್ಯೂಟಿ ಬಿಟ್ಟು ಹೋದೆ ಅಂತ ಗೊತ್ತಾದ್ರೆ ಕೆಲಸ ಹೋಗತ್ತೆ, ಯಾರಿಗೂ ಹೇಳಬೇಡ ಅಂದ್ರು. ಅಣ್ಣ ಶೋ ಮಾಡಿ ಬಿದ್ದ ಅಂತ ಎಲ್ಲಾರೂ ಹೇಳಿದ್ರು, ನಾನೂ ಹಾಗೇ ಅಂದುಕೊಂಡೆ. ನಮ್ಮ ಅಣ್ಣನ್ನ ನಾನೂ ಬೈದೆ ಮಾಮಾ." ಹುಡುಗ ಮೋನಪ್ಪನ ಅಂಗಿ ಹಿಡಿದು ಜಗ್ಗಿದ. "ಎಂಜಿನ್ ನಿಂತಿತ್ತಾ? ನಿಜಮಾವಾ? ಅದಕ್ಕೆ ಪ್ರೂಫ್ ಇದೆಯಾ? ಎಲ್ಲಿ?"

ಸತ್ತವನ ಹೆಸರು ಬೇಕೋ, ಇದ್ದವನ ಜೀವ ಬೇಕೋ. ಎಷ್ಟು ಮೃದುವಾಗಿ ಕೇಳಿದ್ದ ಭೋಜ. ಎಷ್ಟು ಅತ್ತಿದ್ದ.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ ಮೋನಪ್ಪನಿಗೆ ತಿಳಿಯದು. ತಿರುಗಿ ನೋಡಿದಾಗ ಜಲಜಾಕ್ಷಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡ ಮುಖ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಭೋಜರಾಜನ ಹೆಸರು ಅವಳ ತಲೆಗೆ ಇನ್ನೂ ಹತ್ತಿರಲೇ ಇಲ್ಲ. ಅವಳು ಕೇಳಿಸಿಕೊಂಡದ್ದು ಒಂದೇ ಮಾತು. ಅದೊಂದರಿಂದಲೇ ಅವಳ ಮುಖ ಬೆಳಗುತ್ತಿತ್ತು, ಕಾಣುಂ ಪೊಂಗಲ್ ಕಳೆದ ಮೇಲೆ ಮೊದಲ ಸಲ.

"ಜನರ ಮೇಲೆ ಬೀಳಬಾರದು ಅಂತ ಕಡಲಿಗೆ ಹೋದನಾ?" ಎಂದಳು. "ನನ್ನ ಮಗ?"

"ಜಲಜಾ..."

"ಆ ಫೋಟೋದಲ್ಲಿ ಅದು ಕಾಣ್ತದಾ? ನನಗೆ ಸುಳ್ಳು ಹೇಳಿದ್ದಿ ನೀನು. ಇರಲಿ, ಅದನ್ನು ಆಮೇಲೆ ಕೇಳ್ತೇನೆ." ಅವಳು ಒದ್ದೆ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿ, ದೇವರ ಪ್ರಸಾದಕ್ಕೆ ಚಾಚುವ ಹಾಗೆ ಅಣ್ಣನ ಮುಂದೆ ಚಾಚಿದಳು. "ಕೊಡು. ಮನೆ ಮನೆಗೆ ಹೋಗಿ ತೋರಿಸಿ ಬರ್ತೇನೆ. ಕೊಡು ಅಣ್ಣ."